ಕಲಬುರಗಿಯಲ್ಲಿ ಪ್ಲಾಟ್ ರೇಟ್ ಮಾತಾಡುವ ಮೊದಲು ಧೂಳು ನೋಡಿ

ಕಲಬುರಗಿಯಲ್ಲಿ ಪ್ಲಾಟ್ ನೋಡಲು ಹೊರಟವರು ಎನ್‌ಎ (ಕೃಷಿಯೇತರ ಪರಿವರ್ತನೆ) ಆಗಿದೆಯಾ, ನೀರು ಬರುತ್ತದಾ, ರಿಂಗ್ ರೋಡಿಗೆ ಎಷ್ಟು ದೂರ ಅಂತ ಎಲ್ಲ ಕೇಳುತ್ತಾರೆ. ಗಾಳಿ ಹೇಗಿದೆ ಅಂತ ಕೇಳುವವರು ತೀರಾ ಕಡಿಮೆ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ, ಗಾಳಿ ಮಾಲಿನ್ಯ ಮಿತಿ ಮೀರಿದ ಊರುಗಳ ಪಟ್ಟಿಯಲ್ಲಿ ಕರ್ನಾಟಕದ್ದು ನಾಲ್ಕೇ ಇದ್ದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಮತ್ತೆ ನಮ್ಮ ಕಲಬುರಗಿ. ಹಾಗಾಗಿ ಕೇಳಲೇಬೇಕು.

ಗಾಳಿಗೂ ರೇಟಿಗೂ ಸಂಬಂಧ ಖಂಡಿತ ಇದೆ. ಅಮೆರಿಕದಲ್ಲಿ 1970ರ ಶುದ್ಧ ಗಾಳಿ ಕಾಯ್ದೆಯ ನಂತರ ಧೂಳು ಇಳಿದ ಕಡೆ ಮನೆಗಳ ಬೆಲೆ ಏನಾಯಿತು ಅಂತ ಚೇ ಮತ್ತು ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಧೂಳು ಶೇ. 10 ಕಡಿಮೆಯಾದರೆ ಬೆಲೆ ಸುಮಾರು ಶೇ. 2ರಿಂದ 3.5 ಏರುತ್ತದೆ ಅಂತ ಸಿಕ್ಕಿತು. ನಮ್ಮಲ್ಲಿ ಇದು ಸುಲಭಕ್ಕೆ ಕಾಣುವುದಿಲ್ಲ, ಯಾಕಂದರೆ ಧೂಳು ಜಾಸ್ತಿ ಇರುವ ಜಾಗ ಎಷ್ಟೋ ಸಲ ದೊಡ್ಡ ರಸ್ತೆಯ ಪಕ್ಕದ್ದೇ ಆಗಿರುತ್ತದೆ, ರಸ್ತೆ ರೇಟ್ ಏರಿಸುತ್ತದೆ, ಧೂಳು ಅದೇ ರೇಟನ್ನು ಇಳಿಸುತ್ತದೆ, ಏಜೆಂಟ್ ಹೇಳುವುದು ರಸ್ತೆಯ ವಿಷಯ ಮಾತ್ರ.

ಮೊದಲು ಧೂಳು ಯಾವುದು ಅಂತ ಹಿಡಿಯಿರಿ. ಒಂದು ಬಿಳಿ ಬಟ್ಟೆ ಒದ್ದೆ ಮಾಡಿಕೊಂಡು ಹೋಗಿ, ಪಕ್ಕದ ಮನೆಯವರನ್ನು ಕೇಳಿ ಅವರ ಕಿಟಕಿ ಸರಳು, ಸಜ್ಜಾದ ಮೇಲೆ ಒರೆಸಿ. ಕಂದು ಬಣ್ಣ ಬಂದರೆ ಮಣ್ಣು. ಕಪ್ಪಗೆ, ಜಿಡ್ಡು ಜಿಡ್ಡಾಗಿ ಬಂದರೆ ಲಾರಿ, ಜನರೇಟರ್ ಹೊಗೆ. ಹಗುರಾದ ಹೊಟ್ಟು ಅಂಟಿದರೆ ಹತ್ತಿರದಲ್ಲೆಲ್ಲೋ ದಾಲ್ ಮಿಲ್ ಇದೆ. ಶಹಾಬಾದ್, ವಾಡಿ, ಸೇಡಂ ಕಡೆ ನೋಡುತ್ತಿದ್ದರೆ ಬೂದು ಪುಡಿ ಸಿಗುತ್ತದೆ. ಅದು ನೀರು ತಾಗಿದ ಕಡೆ ಗಟ್ಟಿಯಾಗಿ ಕೂತಿದ್ದರೆ ಸಿಮೆಂಟು, ಸುಮ್ನೆ ತೊಳೆದು ಹೋದರೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪುಡಿ ಇರಬಹುದು. ಆ ಮನೆಯ ಅಕ್ಕನನ್ನು ದಿನಕ್ಕೆ ಎಷ್ಟು ಸಲ ಕಸ ಹೊಡೆಯುತ್ತೀರಿ, ಬಟ್ಟೆ ಎಲ್ಲಿ ಒಣಗಿಸುತ್ತೀರಿ ಅಂತಲೂ ಕೇಳಿ. ಮಾರುವವರಿಗಿಂತ ಅವರು ನಿಜ ಹೇಳುತ್ತಾರೆ.

ಇಷ್ಟೆಲ್ಲ ಯಾಕೆ ಅಂದರೆ, ಕೆಲವು ಧೂಳು ಹೋಗುತ್ತದೆ, ಕೆಲವು ಹೋಗುವುದಿಲ್ಲ. ಹೊಸ ಲೇಔಟಿನ ಕಚ್ಚಾ ರಸ್ತೆಯ ಮಣ್ಣು ಡಾಂಬರು ಬಿದ್ದ ಮೇಲೆ ತುಂಬಾ ಇಳಿಯುತ್ತದೆ, ಅಂಥ ಜಾಗ ಈಗ ಕಡಿಮೆಗೆ ಸಿಕ್ಕರೆ ನನ್ನ ಪ್ರಕಾರ ಧೈರ್ಯವಾಗಿ ತೆಗೆದುಕೊಳ್ಳಬಹುದು. ಮಿಲ್, ಕ್ರಷರ್, ಲಾರಿ ಓಡಾಟದ ಧೂಳು ಹಾಗಲ್ಲ. ನೀವು ಮುಂದೆ ಮಾರುವಾಗಲೂ ಅದು ಅಲ್ಲೇ ಇರುತ್ತದೆ, ಬಂದವರು ಅದನ್ನೇ ತೋರಿಸಿ ರೇಟ್ ಮುರಿಯುತ್ತಾರೆ.

ದಿಕ್ಕು ಕೂಡ ಮುಖ್ಯ. ಮಳೆಗಾಲದಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ, ಮಳೆ ಧೂಳನ್ನು ಕೂರಿಸಿಬಿಡುತ್ತದೆ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬರುತ್ತದೆ. ತೊಗರಿ ರಾಶಿ ಮುಗಿದು ಮಿಲ್‌ಗಳಿಗೆ ಮಾಲು ಬರುವುದೂ ಅದೇ ಹೊತ್ತಿಗೆ. ಹಾಗಾಗಿ ಮಿಲ್ ನಿಮ್ಮ ಪ್ಲಾಟಿನ ಪೂರ್ವಕ್ಕಿದ್ದರೆ ಹುಷಾರು. ಸಾಧ್ಯವಾದರೆ ಡಿಸೆಂಬರ್, ಜನವರಿಯಲ್ಲಿ ನಸುಕಿಗೆ ಒಮ್ಮೆ, ರಾತ್ರಿ ಲಾರಿ ಓಡುವಾಗ ಒಮ್ಮೆ ಹೋಗಿ ನಿಂತು ನೋಡಿ. ಚಳಿಯ ಬೆಳಗಿನಲ್ಲಿ ಹೊಗೆ ಮೇಲೇಳದೆ ಕೆಳಗೇ ಕೂತಿರುತ್ತದೆ.

ಮೊಬೈಲಿನಲ್ಲಿ ಗಾಳಿಯ ಗುಣಮಟ್ಟ ತೋರಿಸುವ ಸಮೀರ್ ಆ್ಯಪ್ ಹಾಕಿಕೊಳ್ಳಿ. ಲಾಲ್ ಬಹದ್ದೂರ್ ಶಾಸ್ತ್ರಿ ನಗರ, ಮಹಾತ್ಮ ಬಸವೇಶ್ವರ ಕಾಲೊನಿಯ ಮಾಪನ ಕೇಂದ್ರಗಳು ಅದರಲ್ಲಿವೆ. ಬೀದರಿನವರಿಗೆ ನೌಬಾದ್ ಕೇಂದ್ರ ಇದೆ. ಪಿಎಂ10, ಅಂದರೆ ಉಸಿರಿನೊಳಗೆ ಹೋಗುವ ಸಣ್ಣ ಧೂಳು, ಎಷ್ಟಿದೆ ನೋಡಿ: ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೋಗ್ರಾಂ, ವರ್ಷದ ಸರಾಸರಿ 60. ಆದರೆ ಅದು ಕೇಂದ್ರದ ಸುತ್ತಲಿನ ಗಾಳಿ, ನಿಮ್ಮ ಓಣಿಯದ್ದಲ್ಲ. ಓಣಿಗೆ ಬಿಳಿ ಬಟ್ಟೆಯೇ ಸಾಕ್ಷಿ.

ಕೊನೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಹೋಗಿ ಮಾಸ್ಟರ್ ಪ್ಲಾನ್ ನೋಡಿ. ಪಕ್ಕದ ಖಾಲಿ ಹೊಲ ಹಳದಿ ಬಣ್ಣದಲ್ಲಿದ್ದರೆ ವಸತಿ, ನೇರಳೆ ಇದ್ದರೆ ಕೈಗಾರಿಕೆ. ನೇರಳೆ ಇದ್ದರೆ ಇವತ್ತಿನ ಗಾಳಿ ನೋಡಿ ರೇಟ್ ಒಪ್ಪಬೇಡಿ. ಒಂದು ಕಿಲೋಮೀಟರ್ ಆಚೆ, ಧೂಳು ಕಡಿಮೆ ಇರುವ ಕಡೆ, ಅಂಥದ್ದೇ ರಸ್ತೆ, ಅಷ್ಟೇ ಅಗಲದ ಪ್ಲಾಟು ಎಷ್ಟಕ್ಕೆ ಹೋಯಿತು ಅಂತ ವಿಚಾರಿಸಿ, ಆ ರೇಟಿನಿಂದ ಕೆಳಗೆ ಮಾತು ಶುರು ಮಾಡಿ.