ಸಿಹಿನೀರಿನ ಕಪ್ಪೆಚಿಪ್ಪಿಗೆ ಸರಿಯಾದ ಹೆಸರು ಬರೆಯುವುದು ಹೇಗೆ?

ಪುಣೆಯ ಖಡಕ್‌ವಾಸ್ಲಾ ಹಿನ್ನೀರು ಇಳಿದಾಗ ಕೆಸರಿನ ಅಂಚಿನಲ್ಲಿ ಹುಡುಕಿ. ಖಾಲಿ ಚಿಪ್ಪನ್ನಷ್ಟೇ ಎತ್ತಿಕೊಳ್ಳಿ, ಜೀವ ಇರುವುದನ್ನು ದಯವಿಟ್ಟು ನೀರಿಗೇ ಬಿಡಿ. ಮನೆಗೆ ತಂದು ಹಳೇ ಟೂತ್‌ಬ್ರಶ್‌ನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹೊರಪೊರೆ ಬಿರಿದು ಏಳುತ್ತದೆ.

ಬಣ್ಣವನ್ನು ನಂಬಬೇಡಿ, ಅದು ವಯಸ್ಸಿಗೂ ಕೆಸರಿಗೂ ತಕ್ಕಂತೆ ಬದಲಾಗುತ್ತದೆ. ನಾನು ಮೊದಲು ನೋಡುವುದು ಎರಡು ಹೋಳು ಸೇರುವ ಕೀಲನ್ನು. ಅಲ್ಲಿನ ಹಲ್ಲುಗಳು ತೆಳ್ಳಗೆ, ಉದ್ದಕ್ಕೆ, ಹಾಳೆಯಂತಿದ್ದು ಚಿಪ್ಪೂ ನೀಳವಾಗಿದ್ದರೆ ಲ್ಯಾಮೆಲ್ಲಿಡೆನ್ಸ್ ಕುಲ (ಹತ್ತಿರದ ಪ್ರಭೇದಗಳ ಗುಂಪು). ಚಿಪ್ಪು ಗಿಡ್ಡ, ದಪ್ಪ, ನೆತ್ತಿಯ (ಕೀಲಿನ ಮೇಲಿನ ಉಬ್ಬಿನ) ಬಳಿ ಅಂಕುಡೊಂಕು ಗೆರೆಗಳಿದ್ದರೆ ಪ್ಯಾರೇಷಿಯಾ ಕುಲದ ಕಡೆ ಯೋಚಿಸಿ. ನೆತ್ತಿ ಸವೆದಿದ್ದರೆ ಎಳೆಯ ಚಿಪ್ಪೊಂದನ್ನು ಹುಡುಕಿ, ಗೆರೆ ಅದರಲ್ಲಿ ಸ್ಪಷ್ಟ.

ಹೆಸರು ಬರೆಯುವಾಗ ಕಂಸ ಮರೆಯಬೇಡಿ: ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್ (ಲಾಮಾರ್ಕ್, 1819). ಇದಕ್ಕೆ ಮೊದಲು ಹೆಸರಿಟ್ಟ ಫ್ರೆಂಚ್ ಜೀವವಿಜ್ಞಾನಿ ಲಾಮಾರ್ಕ್ ಇದನ್ನು ಯೂನಿಯೊ ಕುಲದಲ್ಲಿ ಇಟ್ಟಿದ್ದ. ಆಮೇಲೆ ಕುಲ ಬದಲಾಗಿದೆ ಎಂದು ಹೇಳುವುದೇ ಆ ಕಂಸ. ಅದನ್ನು ಬಿಟ್ಟರೆ ಚರಿತ್ರೆಯೇ ತಪ್ಪಾಗುತ್ತದೆ.

ಪ್ರಭೇದದ ಬಗ್ಗೆ ಅನುಮಾನವಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ. ಚೀಟಿಯಲ್ಲಿ ಜಾಗ, ತಾರೀಖು, ತಳ ಮರಳೋ ಕೆಸರೋ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದು ಚಿಪ್ಪಿನ ಜೊತೆಗೇ ಡಬ್ಬಿಗೆ ಹಾಕಿಡಿ.