ಬಯಾಲಜಿ ಲ್ಯಾಬ್‌ಗೆ ಮೊದಲ ಸಲ ಹೋಗುವವರಿಗೆ: ಕಂಡದ್ದನ್ನು ಬರೆಯಿರಿ, ಕಾಣಬೇಕಿದ್ದದ್ದನ್ನಲ್ಲ

ಕಾಲೇಜಿನ ಮೊದಲ ಬಯಾಲಜಿ ಲ್ಯಾಬ್ ಅಂದರೆ ಪುಸ್ತಕದಲ್ಲಿರುವ ಉತ್ತರವೇ ಟೆಸ್ಟ್ ಟ್ಯೂಬಿನಲ್ಲೂ ಬರಬೇಕು, ಬರದಿದ್ದರೆ ಮಾರ್ಕ್ಸ್ ಹೋಯಿತು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಆ ಉತ್ತರ ಲೆಕ್ಚರರ್‌ಗೆ ಮೊದಲೇ ಗೊತ್ತಿರುತ್ತದೆ, ಅದನ್ನು ನಿಮ್ಮಿಂದ ಕೇಳಿ ಅವರಿಗೆ ಆಗಬೇಕಾದ್ದು ಏನೂ ಇಲ್ಲ. ನೀವು ಏನು ಮಾಡಿದಿರಿ, ಏನು ಕಂಡಿತು, ಅದು ಯಾಕೆ ಹಾಗೆ ಕಂಡಿರಬಹುದು, ಇಷ್ಟನ್ನು ನೋಡುತ್ತಾರೆ. ಇದೊಂದು ತಲೆಯಲ್ಲಿ ಕೂತರೆ ಲ್ಯಾಬಿನ ಅರ್ಧ ಭಯ ಹೋಗುತ್ತದೆ.

ಹಿಂದಿನ ದಿನದ ಅರ್ಧ ಗಂಟೆ

ಲ್ಯಾಬ್ ಮ್ಯಾನುಯಲ್ ಅನ್ನು ಹಿಂದಿನ ದಿನವೇ ಓದಿ. ಸುಮ್ನೆ ಕಣ್ಣಾಡಿಸಿದರೆ ಸಾಲದು. ಪೆನ್ನು ಹಿಡಿದು, ಮಾಡಬೇಕಾದ ಕೆಲಸವನ್ನು ನಿಮ್ಮ ಮಾತಿನಲ್ಲೇ ಅರ್ಧ ಪುಟದಷ್ಟು ಬರೆದುಕೊಳ್ಳಿ. ಅಂಕಿ ತುಂಬುವ ಟೇಬಲನ್ನೂ ಮನೆಯಲ್ಲೇ ಗೆರೆ ಹಾಕಿ ತಯಾರು ಮಾಡಿಕೊಳ್ಳಿ, ಅಲ್ಲಿ ಹೋಗಿ ಸ್ಕೇಲು ಹುಡುಕುತ್ತಾ ಕೂರುವುದು ದಂಡ. ಓದುವಾಗ ಎರಡು ವಿಷಯ ಹುಡುಕಿ. ಇವತ್ತಿನ ಪ್ರಯೋಗದಲ್ಲಿ ಕಂಟ್ರೋಲ್ (ಹೋಲಿಸಿ ನೋಡಲೆಂದೇ ಇಡುವ ಟ್ಯೂಬ್ ಅಥವಾ ತುಂಡು) ಯಾವುದು? ಕಾಯಬೇಕಾದ ಹಂತ ಯಾವುದು? ಆಲೂಗಡ್ಡೆ ತುಂಡುಗಳನ್ನು ಬೇರೆ ಬೇರೆ ಸಾಂದ್ರತೆಯ ಸಕ್ಕರೆ ನೀರಿನಲ್ಲಿ ನೆನೆಸಿಡುವ ಆಸ್ಮಾಸಿಸ್ (ಕೋಶದ ಪೊರೆ ದಾಟಿ ನೀರು ಒಳಗೋ ಹೊರಗೋ ಹೋಗುವುದು) ಪ್ರಯೋಗವನ್ನೇ ತಗೊಳ್ಳಿ. ಅದಕ್ಕೆ ಅರ್ಧ ಗಂಟೆಯೋ ಇನ್ನೂ ಜಾಸ್ತಿಯೋ ನೆನೆಯುವ ಸಮಯ ಬೇಕು. ಅದನ್ನು ಮೊದಲು ಇಟ್ಟು ಆಮೇಲೆ ಮಿಕ್ಕ ಕೆಲಸಕ್ಕೆ ಕೈ ಹಾಕಿದವರು ಸಮಯಕ್ಕೆ ಸರಿಯಾಗಿ ಮುಗಿಸುತ್ತಾರೆ, ಮ್ಯಾನುಯಲ್‌ನಲ್ಲಿ ಮೂರನೇ ಭಾಗದಲ್ಲಿದೆ ಅಂತ ಕೊನೆಗೆ ಬಿಟ್ಟವರು ಎಲ್ಲರೂ ಹೊರಟ ಮೇಲೂ ತಕ್ಕಡಿ ಮುಂದೆ ನಿಂತಿರುತ್ತಾರೆ.

ಮೈಕ್ರೋಸ್ಕೋಪ್ ಜೊತೆ ಜಗಳ ಬೇಡ

ಮೊದಲ ವಾರಗಳಲ್ಲಿ ಜಾಸ್ತಿ ಹೊತ್ತು ಕಳೆಯುವುದು ಇದರ ಮುಂದೆಯೇ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಣ್ಣಿನ ಹತ್ತಿರದ ಲೆನ್ಸ್ ಸಾಮಾನ್ಯವಾಗಿ 10 ಪಟ್ಟು ದೊಡ್ಡದು ಮಾಡುತ್ತದೆ, ಕೆಳಗಿನವು 4, 10, 40 ಪಟ್ಟು. ಒಂದನ್ನು ಇನ್ನೊಂದರಿಂದ ಗುಣಿಸಿದರೆ ಒಟ್ಟು 40, 100, 400 ಪಟ್ಟು. ಯಾವಾಗಲೂ 4ರ ಲೆನ್ಸಿನಿಂದಲೇ ಶುರು ಮಾಡಿ. ನೇರವಾಗಿ 40ಕ್ಕೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಆ ಲೆನ್ಸಿಗೂ ಸ್ಲೈಡಿಗೂ ನಡುವೆ ಒಂದು ಮಿಲಿಮೀಟರ್ ಜಾಗ ಕೂಡ ಇರುವುದಿಲ್ಲ, ಅಲ್ಲಿ ಫೋಕಸ್ ಮಾಡುವ ದೊಡ್ಡ ನಾಬ್ ತಿರುಗಿಸಿದರೆ ಚಟಕ್ ಅಂತ ಕವರ್ ಸ್ಲಿಪ್ (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು) ಒಡೆಯುತ್ತದೆ, ಲೆನ್ಸಿಗೂ ಗೀರು ಬೀಳುತ್ತದೆ. 4ರಲ್ಲಿ ದೊಡ್ಡ ನಾಬಿನಿಂದ ಫೋಕಸ್ ಮಾಡಿ, ಬೇಕಾದ ಜಾಗವನ್ನು ಸರಿಯಾಗಿ ನಡುವಿಗೆ ತನ್ನಿ, ಆಮೇಲೆ 10, ಆಮೇಲೆ 40. 40ರಲ್ಲಿ ಚಿಕ್ಕ ನಾಬ್ ಮಾತ್ರ. ನಡುವಿಗೆ ತರದೆ ಲೆನ್ಸ್ ಬದಲಿಸಿದರೆ ನೋಡುತ್ತಿದ್ದ ವಸ್ತುವೇ ಮಾಯ, ಯಾಕಂದರೆ ಪಟ್ಟು ಜಾಸ್ತಿ ಆದಷ್ಟೂ ಕಾಣುವ ಜಾಗ ಚಿಕ್ಕದಾಗುತ್ತದೆ.

ಏನೂ ಕಾಣುತ್ತಿಲ್ಲ, ಬರೀ ಬೆಳ್ಳಗಿದೆ ಅಂದರೆ ಹೆಚ್ಚಿನ ಸಲ ಬೆಳಕು ವಿಪರೀತ ಇದೆ ಅಂತಲೇ ಅರ್ಥ. ಸ್ಲೈಡ್ ಇಡುವ ಸ್ಟೇಜಿನ ಕೆಳಗಿರುವ, ಬೆಳಕು ಹೆಚ್ಚು ಕಡಿಮೆ ಮಾಡುವ ಡಯಾಫ್ರಮ್ ಅನ್ನು ನಿಧಾನಕ್ಕೆ ಮುಚ್ಚುತ್ತಾ ಬನ್ನಿ, ಬಣ್ಣ ಹಾಕದ ಕೋಶಗಳ ಅಂಚು ಆಗ ಎದ್ದು ಬರುತ್ತದೆ. ಬಿಂಬ ತಲೆಕೆಳಗಾಗಿರುತ್ತದೆ, ಎಡಬಲವೂ ಅದಲುಬದಲು. ಸ್ಲೈಡನ್ನು ಬಲಕ್ಕೆ ಸರಿಸಿದರೆ ಚಿತ್ರ ಎಡಕ್ಕೆ ಓಡುತ್ತದೆ. ಇದಕ್ಕೆ ಸೂತ್ರ ಏನಿಲ್ಲ, ಒಂದೆರಡು ಲ್ಯಾಬಿನಲ್ಲಿ ಕೈಗೇ ರೂಢಿಯಾಗುತ್ತದೆ.

ಈಗ ಈರುಳ್ಳಿ ಸಿಪ್ಪೆ. ಬಹುಶಃ ನಿಮ್ಮ ಮೊದಲ ಸ್ಲೈಡ್ ಇದೇ ಆಗಿರುತ್ತದೆ. ಒಂದು ದಪ್ಪ ಪದರ ತೆಗೆದು ಮುರಿಯಿರಿ, ಅದರ ಒಳಬದಿಯಿಂದ ತೆಳ್ಳನೆಯ ಪೊರೆಯೊಂದು ಚಿಮಟದ ತುದಿಗೆ ಎದ್ದು ಬರುತ್ತದೆ. ಅದರ ದಪ್ಪ ಒಂದೇ ಕೋಶದಷ್ಟು, ಬೆಳಕು ಸಲೀಸಾಗಿ ದಾಟಿ ಬರುವುದು ಅದಕ್ಕೇ. ಸ್ಲೈಡಿನ ಮೇಲೆ ಮೊದಲು ಒಂದು ಹನಿ ನೀರು, ಅದರ ಮೇಲೆ ಪೊರೆ, ಮಡಿಕೆ ಬಿದ್ದರೆ ಸೂಜಿಯಿಂದ ಬಿಡಿಸಿ. ಒಂದು ಹನಿ ಅಯೋಡಿನ್ ಹಾಕಿ. ಕವರ್ ಸ್ಲಿಪ್ಪಿನ ಒಂದು ಅಂಚನ್ನು ನೀರಿಗೆ ತಾಗಿಸಿ, ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ಮೆಲ್ಲಗೆ ಮಲಗಿಸಿ. ಮೇಲಿಂದ ಧಪ್ ಅಂತ ಬಿಟ್ಟರೆ ಗಾಳಿಗುಳ್ಳೆ ಗ್ಯಾರಂಟಿ. ದುಂಡಗೆ, ಅಂಚಿನಲ್ಲಿ ದಪ್ಪ ಕಪ್ಪು ಗೆರೆ ಇಟ್ಟುಕೊಂಡು ಎಷ್ಟು ಅಚ್ಚುಕಟ್ಟಾಗಿ ಕಾಣುತ್ತದೆ ಅಂದರೆ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಒಬ್ಬರು ಅದನ್ನೇ ಕೋಶ ಅಂತ ಚಿತ್ರ ಬರೆದು ಕೊಡುತ್ತಾರೆ!

ನಿಜವಾದ ಕೋಶಗಳು ಉದ್ದುದ್ದ, ಇಟ್ಟಿಗೆ ಜೋಡಿಸಿದ ಹಾಗೆ ಇರುತ್ತವೆ. ಅಯೋಡಿನ್ ಕುಡಿದ ಕೋಶಕೇಂದ್ರ ಹಳದಿ ಕಂದು ಚುಕ್ಕೆಯಾಗಿ, ಸಾಮಾನ್ಯವಾಗಿ ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ನಡುವೆ ಯಾಕಿಲ್ಲ ಅಂದರೆ ಕೋಶದ ಹೆಚ್ಚಿನ ಜಾಗವನ್ನೆಲ್ಲ ನೀರು ತುಂಬಿದ ರಸದಾನಿ ಹಿಡಿದಿದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಲು ಹೇಳಿ ಮಾಡಿಸಿದ ಪ್ರಶ್ನೆ ಇದು.

ಅಳತೆಯನ್ನೂ ಅಲ್ಲೇ ತೆಗೆಯಬಹುದು. ಕಣ್ಣಿನ ಲೆನ್ಸಿನ ಮೇಲೆ 10ರ ಪಕ್ಕ 18 ಅಂತಲೋ 20 ಅಂತಲೋ ಬರೆದಿರುತ್ತದೆ. ಆ ಸಂಖ್ಯೆಯನ್ನು ಕೆಳಗಿನ ಲೆನ್ಸಿನ ಪಟ್ಟಿನಿಂದ ಭಾಗಿಸಿದರೆ ನಿಮಗೆ ಕಾಣುತ್ತಿರುವ ವೃತ್ತದ ಅಗಲ ಮಿಲಿಮೀಟರಿನಲ್ಲಿ ಸಿಗುತ್ತದೆ. 18 ಭಾಗಿಸು 40 ಅಂದರೆ 0.45 ಮಿಲಿಮೀಟರ್, ಅಂದರೆ 450 ಮೈಕ್ರೋಮೀಟರ್. ಅದರಲ್ಲಿ ಅಡ್ಡಲಾಗಿ 9 ಕೋಶ ಹಿಡಿದರೆ ಒಂದರ ಅಗಲ ಸುಮಾರು 50 ಮೈಕ್ರೋಮೀಟರ್. ಚಿತ್ರದ ಕೆಳಗೆ ಈ ಒಂದು ಸಾಲು ಬರೆದಿದ್ದರೆ ನೋಡುವವರಿಗೆ ಖುಷಿಯಾಗುತ್ತದೆ.

ಚಿತ್ರ ಬರೆಯುವುದು

ಚೂಪಾದ ಪೆನ್ಸಿಲ್, ಒಂದೇ ಗೆರೆ, ಶೇಡಿಂಗ್ ಬೇಡ. ಹೆಸರು ಬರೆಯುವ ಗೆರೆಗಳು ಒಂದರ ಮೇಲೊಂದು ಹಾಯಬಾರದು, ಎಷ್ಟು ಪಟ್ಟು ಅಂತ ಕೆಳಗೆ ಇರಬೇಕು. ಚಂದ ಬರಬೇಕು ಅಂತೇನಿಲ್ಲ, ನಿಮಗೆ ಕಂಡದ್ದೇ ಆಗಿರಬೇಕು. ಪುಸ್ತಕದ ಚಿತ್ರ ನೋಡಿ ನಕಲು ಮಾಡಿದವರು ಸಿಕ್ಕಿಬೀಳುವುದು ಬಹಳ ಸುಲಭ, ಯಾಕಂದರೆ ಅವರ ಈರುಳ್ಳಿ ಕೋಶದಲ್ಲಿ ಹಸಿರು ಕ್ಲೋರೋಪ್ಲಾಸ್ಟ್ (ಬೆಳಕಿನಿಂದ ಆಹಾರ ತಯಾರಿಸುವ ಭಾಗ) ಇರುತ್ತದೆ! ಬೆಳಕೇ ಕಾಣದ ಒಳಪದರದಲ್ಲಿ ಅದೆಲ್ಲಿಂದ ಬರಬೇಕು? 1665ರಲ್ಲಿ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಕಾರ್ಕಿನ ತೆಳು ಚೂರು ನೋಡಿದಾಗ ಅವನಿಗೆ ಕಂಡದ್ದು ಗೋಡೆಗಳಿರುವ ಖಾಲಿ ಗೂಡುಗಳು, ಬರೆದದ್ದೂ ಅಷ್ಟನ್ನೇ. ಒಳಗೆ ಏನೋ ಇರಬೇಕಲ್ಲ ಅಂತ ಏನನ್ನೂ ತುಂಬಲಿಲ್ಲ.

ಅಳೆಯುವುದು, ಬೆರೆಸುವುದು

ತೀರಾ ಸ್ವಲ್ಪ ದ್ರವವನ್ನು ಅಳೆದು ಹಾಕುವ ಮೈಕ್ರೋಪಿಪೆಟ್ಟಿನ ಗುಂಡಿಗೆ ಎರಡು ತಡೆ ಇವೆ. ಮೊದಲ ತಡೆಯವರೆಗೆ ಒತ್ತಿ, ಟಿಪ್ಪನ್ನು ದ್ರವದಲ್ಲಿ ಎರಡು ಮೂರು ಮಿಲಿಮೀಟರ್ ಮಾತ್ರ ಅದ್ದಿ, ಹೆಬ್ಬೆರಳನ್ನು ನಿಧಾನಕ್ಕೆ ಬಿಡಿ. ಹೊರಗೆ ಹಾಕುವಾಗ ಮೊದಲ ತಡೆ ದಾಟಿ ಎರಡನೆಯದರವರೆಗೆ ಒತ್ತಿ, ಆಗ ಕೊನೆಯ ಹನಿಯೂ ಬೀಳುತ್ತದೆ. ಎಳೆದುಕೊಳ್ಳುವಾಗಲೇ ಎರಡನೇ ತಡೆಯವರೆಗೆ ಒತ್ತಿಬಿಟ್ಟರೆ ಬೇಕಾದ್ದಕ್ಕಿಂತ ಜಾಸ್ತಿ ದ್ರವ ಬರುತ್ತದೆ, ಹೊಸಬರ ಅಂಕಿಗಳು ಅಡ್ಡಾದಿಡ್ಡಿ ಆಗಲು ಇದೊಂದೇ ಸಾಕು. ನಿಮ್ಮ ಕೈ ಸರಿ ಇದೆಯಾ ಅಂತ ನೋಡಬೇಕಾದರೆ ತಕ್ಕಡಿ ಮೇಲೆ ಖಾಲಿ ಟ್ಯೂಬ್ ಇಟ್ಟು ಸೊನ್ನೆ ಮಾಡಿ, 1000 ಮೈಕ್ರೋಲೀಟರ್ ನೀರು ಹಾಕಿ. ಹತ್ತಿರ ಹತ್ತಿರ 1 ಗ್ರಾಂ ಬರಬೇಕು. ದ್ರವ ತುಂಬಿದ ಪಿಪೆಟ್ಟನ್ನು ಅಡ್ಡ ಮಲಗಿಸಬೇಡಿ, ದ್ರವ ಒಳಕ್ಕೆ ಹರಿದು ಉಪಕರಣವೇ ಹಾಳಾಗುತ್ತದೆ.

ಹತ್ತು ಪಟ್ಟು ತೆಳು ಮಾಡಿ ಅಂದರೆ 1 ಮಿಲಿಲೀಟರ್ ದ್ರಾವಣಕ್ಕೆ 9 ಮಿಲಿಲೀಟರ್ ನೀರು. 10 ಹಾಕಿದರೆ ಹನ್ನೊಂದು ಪಟ್ಟು ಆಗುತ್ತದೆ. ಒಂದರಿಂದ ಇನ್ನೊಂದಕ್ಕೆ ಹೀಗೆ ಸಾಲಾಗಿ ತೆಳು ಮಾಡುವಾಗ ಪ್ರತಿ ಸಲ ಚೆನ್ನಾಗಿ ಕಲಸಿ, ಟಿಪ್ ಬದಲಿಸಿ. ಮೊದಲ ಟ್ಯೂಬಿನಲ್ಲಿ ಆದ ತಪ್ಪು ಕೊನೆಯ ಟ್ಯೂಬಿನವರೆಗೂ ಬೆನ್ನು ಬಿಡುವುದಿಲ್ಲ.

ಕಂಟ್ರೋಲ್ ಯಾಕೆ ಬೇಕು

ಬೆನೆಡಿಕ್ಟ್ ಪರೀಕ್ಷೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ನೀಲಿ ದ್ರಾವಣ ಹಾಕಿ ಬಿಸಿ ನೀರಿನಲ್ಲಿಟ್ಟರೆ, ಗ್ಲೂಕೋಸ್‌ನಂಥ ಸಕ್ಕರೆ ಎಷ್ಟಿದೆ ಅನ್ನೋದರ ಮೇಲೆ ಬಣ್ಣ ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಅಂತ ಬದಲಾಗುತ್ತದೆ. ಬರೀ ನೀರಿನ ಟ್ಯೂಬ್ ನೀಲಿಯಾಗಿಯೇ ಉಳಿಯಬೇಕು. ಅದೂ ಕೆಂಪಾದರೆ ಟ್ಯೂಬ್ ಸರಿಯಾಗಿ ತೊಳೆದಿಲ್ಲ, ಅಥವಾ ಡ್ರಾಪರ್ ಅದಲುಬದಲಾಗಿದೆ. ಉಳಿದ ಟ್ಯೂಬುಗಳ ಬಣ್ಣ ಎಷ್ಟೇ ಚಂದ ಇದ್ದರೂ ಆಮೇಲೆ ಅದನ್ನು ನಂಬುವ ಹಾಗಿಲ್ಲ. ಇನ್ನೊಂದು ಟ್ಯೂಬಿಗೆ ನಾವು ದಿನಾ ತಿನ್ನುವ ಸಕ್ಕರೆ, ಅಂದರೆ ಸುಕ್ರೋಸ್ ಹಾಕಿ ನೋಡಿ. ಅದು ಬಣ್ಣ ಬದಲಿಸುವುದಿಲ್ಲ. "ಸಕ್ಕರೆ ಇದ್ದರೂ ರಿಸಲ್ಟ್ ಬಂದಿಲ್ಲ, ನಮ್ಮದು ಫೇಲ್" ಅಂತ ಗಾಬರಿಯಾಗುವವರು ಇಲ್ಲೇ ಸಿಗುತ್ತಾರೆ. ಫೇಲ್ ಅಲ್ಲ, ಸುಕ್ರೋಸ್ ಹಾಗೆಯೇ ಇದ್ದರೆ ಈ ಪರೀಕ್ಷೆಗೆ ಸ್ಪಂದಿಸುವ ಜಾತಿಯದಲ್ಲ, ಅಷ್ಟೇ.

ಆಲೂಗಡ್ಡೆಯ ವಿಷಯಕ್ಕೆ ಮತ್ತೆ ಬಂದರೆ, ತೂಕದ ವ್ಯತ್ಯಾಸವನ್ನು ಗ್ರಾಂನಲ್ಲಿ ಬಿಡಬೇಡಿ, ಶೇಕಡಾಕ್ಕೆ ತನ್ನಿ. 2.50 ಗ್ರಾಂ ತುಂಡು 2.30 ಗ್ರಾಂಗೆ ಇಳಿದರೆ ಅದು ಶೇಕಡಾ 8 ಕಡಿಮೆ. ಎಲ್ಲ ತುಂಡುಗಳೂ ಒಂದೇ ತೂಕ ಇರುವುದಿಲ್ಲ ಅಲ್ವಾ, ಅದಕ್ಕೇ ಶೇಕಡಾ. ತೂಗುವ ಮುಂಚೆ ಪ್ರತಿ ತುಂಡನ್ನೂ ಒಂದೇ ರೀತಿ ಒರೆಸಿ. ಒಂದನ್ನು ಒತ್ತಿ ಒರೆಸಿ ಇನ್ನೊಂದನ್ನು ಸುಮ್ನೆ ಮುಟ್ಟಿಸಿ ಬಿಟ್ಟರೆ ನೀವು ಅಳೆದದ್ದು ಆಸ್ಮಾಸಿಸ್ ಅಲ್ಲ, ಟಿಶ್ಯೂ ಪೇಪರ್. ಸಕ್ಕರೆ ಸಾಂದ್ರತೆಗೆ ಎದುರಾಗಿ ಈ ಶೇಕಡಾ ಹಾಕಿದ ಗ್ರಾಫಿನಲ್ಲಿ ಗೆರೆ ಸೊನ್ನೆಯನ್ನು ದಾಟುವ ಜಾಗದ ಸಾಂದ್ರತೆಯಲ್ಲಿ ನೀರು ಒಳಗೆ ಹೋಗುವುದೂ ಹೊರಗೆ ಬರುವುದೂ ಸಮಸಮ.

ಸುರಕ್ಷತೆ

ಗೊತ್ತಿರುವುದೇ ಆದರೂ ನೆನಪಿರಲಿ. ಲ್ಯಾಬಿನ ಸುರಕ್ಷತಾ ಕನ್ನಡಕ ಹಾಕಿ, ಕೂದಲು ಕಟ್ಟಿ, ಅಲ್ಲಿ ಏನನ್ನೂ ತಿನ್ನಬೇಡಿ. ಆ್ಯಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆ್ಯಸಿಡಿಗಲ್ಲ. ಎಲೆಯ ಹಸಿರು ತೆಗೆಯಲು ಆಲ್ಕೋಹಾಲ್ ಬಿಸಿ ಮಾಡುವಾಗ ಬಿಸಿ ನೀರಿನ ಪಾತ್ರೆಯಲ್ಲಿಟ್ಟೇ ಮಾಡಿ, ಬೆಂಕಿಯ ಮೇಲೆ ಬೇಡವೇ ಬೇಡ. ಗ್ಲೌಸ್ ಹಾಕಿದ ಕೈಯಿಂದ ಫೋನ್ ಮುಟ್ಟಿದರೆ ಗ್ಲೌಸ್ ಹಾಕಿದ್ದೇ ದಂಡ. ಕಣ್ಣಿಗೆ ಏನಾದರೂ ಸಿಡಿದರೆ ನಾಚಿಕೆ ಪಡದೆ ಕೂಗಿ, ಕನಿಷ್ಠ 15 ನಿಮಿಷ ನೀರಿನಲ್ಲಿ ತೊಳೆಯಿರಿ. ಡಿಸೆಕ್ಷನ್ (ಪ್ರಾಣಿಯನ್ನು ಕೊಯ್ದು ನೋಡುವುದು) ಇದ್ದು ಮನಸ್ಸು ಒಪ್ಪದಿದ್ದರೆ ಮೊದಲ ವಾರವೇ ಹೋಗಿ ಬೇರೆ ದಾರಿ ಇದೆಯಾ ಅಂತ ಕೇಳಿ, ಆ ದಿನ ಬೆಳಗ್ಗೆ ಅಲ್ಲ. ಮಾಡುವುದಾದರೆ ಕತ್ತರಿಯ ತುದಿ ಮೇಲ್ಮುಖವಾಗಿರಲಿ, ಕೆಳಗಿರುವ ಅಂಗಗಳು ಉಳಿಯುತ್ತವೆ.

ರೆಕಾರ್ಡ್ ಮತ್ತು ರಿಪೋರ್ಟ್

ಚಿತ್ರ ಬಿಟ್ಟು ಮಿಕ್ಕದ್ದನ್ನೆಲ್ಲ ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ವೈಟ್ನರ್ ಬೇಡ. ಎಷ್ಟೋ ಸಲ ಹೊಡೆದು ಹಾಕಿದ ಅಂಕಿಯೇ ಸರಿ ಇತ್ತು ಅಂತ ಆಮೇಲೆ ಗೊತ್ತಾಗುತ್ತದೆ. ಅಂಕಿಗಳನ್ನು ಕೈಮೇಲೆ, ಚೀಟಿ ಮೇಲೆ ಬರೆದು ಆಮೇಲೆ "ನೀಟಾಗಿ" ಇಳಿಸುವ ಅಭ್ಯಾಸ ಒಳ್ಳೆಯದಲ್ಲ. ನೋಡಿದ್ದು ಬೇರೆ, ಅದರಿಂದ ಊಹಿಸಿದ್ದು ಬೇರೆ. "ಅಯೋಡಿನ್ ಹಾಕಿದಾಗ ದ್ರಾವಣ ಕಡುನೀಲಿಗೆ ತಿರುಗಿತು" ಅನ್ನೋದು ನೋಡಿದ್ದು, "ಪಿಷ್ಟ ಇದೆ" ಅನ್ನೋದು ಊಹಿಸಿದ್ದು. ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಇಡಿ.

ಜೊತೆಗಾರರಿದ್ದರೆ ಕೆಲಸ ಅದಲುಬದಲು ಮಾಡಿಕೊಳ್ಳಿ. ಸೆಮಿಸ್ಟರ್ ಪೂರ್ತಿ ಒಬ್ಬರು ಬರೆದು ಒಬ್ಬರು ಮಾಡಿದರೆ ಪರೀಕ್ಷೆ ದಿನ ಇಬ್ಬರಿಗೂ ಅರ್ಧ ಗೊತ್ತಿರುತ್ತದೆ.

ರಿಪೋರ್ಟನ್ನು ಅದೇ ಸಂಜೆ ಶುರು ಮಾಡಿ, ಪೂರ್ತಿ ಆಗದಿದ್ದರೂ ಪರವಾಗಿಲ್ಲ, ಫಲಿತಾಂಶದ ಭಾಗ ಬರೆದಿಡಿ. ಗ್ರಾಫಿನಲ್ಲಿ ನೀವು ಬದಲಾಯಿಸಿದ್ದು ಅಡ್ಡ ಗೆರೆಗೆ, ಅಳೆದದ್ದು ಲಂಬ ಗೆರೆಗೆ, ಎರಡಕ್ಕೂ ಯೂನಿಟ್. "ಇದರಿಂದ ಸಾಬೀತಾಯಿತು" ಅಂತ ಬರೆಯಬೇಡಿ, ನಾಲ್ಕು ಟ್ಯೂಬಿನಿಂದ ಏನೂ ಸಾಬೀತಾಗುವುದಿಲ್ಲ. ಡೇಟಾ ನಮ್ಮ ಊಹೆಯ ಪರವಾಗಿದೆ ಅಥವಾ ಇಲ್ಲ ಅನ್ನಿ. ನಿಮ್ಮ ಅಂಕಿ ಪುಸ್ತಕಕ್ಕೆ ಹೊಂದದಿದ್ದರೆ "ಮನುಷ್ಯ ಸಹಜ ತಪ್ಪು" ಅಂತ ತೇಲಿಸಿ ಬಿಡುವುದೂ ಬೇಡ. ಅದನ್ನು ಓದಿ ಓದಿ ಲೆಕ್ಚರರ್‌ಗಳಿಗೆ ಸಾಕಾಗಿರುತ್ತದೆ. ಯಾವ ತಪ್ಪು, ಅದರಿಂದ ಅಂಕಿ ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ಅಂತ ಬರೆಯಿರಿ. ಟ್ಯೂಬ್ ಇಟ್ಟಿದ್ದ ಬಿಸಿ ನೀರಿನ ಪಾತ್ರೆಯ ಉಷ್ಣತೆ 37ರ ಬದಲು 30 ಡಿಗ್ರಿಗೆ ಇಳಿದಿತ್ತು, ಹಾಗಾಗಿ ಅಮೈಲೇಸ್ ಕಿಣ್ವ ಪಿಷ್ಟ ಒಡೆಯಲು ಜಾಸ್ತಿ ಹೊತ್ತು ತಗೊಂಡಿರಬೇಕು, ಹೀಗೆ. ಪುಸ್ತಕಕ್ಕೆ ಹೊಂದದ ಫಲಿತಾಂಶಕ್ಕೆ ಇಂಥ ವಿವರಣೆ ಕೊಟ್ಟ ರಿಪೋರ್ಟಿಗೆ, ಹೊಂದುವ ಅಂಕಿಯನ್ನು ಪಕ್ಕದ ಬೆಂಚಿನಿಂದ ತಂದು ಬರೆದ ರಿಪೋರ್ಟಿಗಿಂತ ಬೆಲೆ ಹೆಚ್ಚು.

ಲ್ಯಾಬ್ ಪರೀಕ್ಷೆ

ಸ್ಲೈಡ್ ಗುರುತಿಸುವ ಪ್ರಶ್ನೆಗೆ ಫೋಟೋ ನೋಡಿ ಬಾಯಿಪಾಠ ಮಾಡಿದರೆ ಪ್ರಯೋಜನ ಕಡಿಮೆ, ಪರೀಕ್ಷೆಯ ಸ್ಲೈಡ್ ಆ ಫೋಟೋ ಥರ ಇರುವುದಿಲ್ಲ. ಈರುಳ್ಳಿ ಬೇರಿನ ತುದಿಯ ಕೋಶ ವಿಭಜನೆಯನ್ನು ತಗೊಳ್ಳಿ. ಪುಸ್ತಕದಲ್ಲಿ ಪ್ರತಿ ಹಂತಕ್ಕೂ ಒಂದೊಂದು ಚಿತ್ರ, ಸ್ಲೈಡಿನಲ್ಲಿ ಮಾತ್ರ ಎಲ್ಲಿ ನೋಡಿದರೂ ವಿಭಜನೆ ಶುರುವೇ ಆಗದ ಕೋಶಗಳು, ಯಾಕಂದರೆ ಕೋಶ ತನ್ನ ಹೆಚ್ಚಿನ ಸಮಯ ಕಳೆಯುವುದು ಆ ಇಂಟರ್‌ಫೇಸ್ ಸ್ಥಿತಿಯಲ್ಲೇ. ಲ್ಯಾಬ್ ಖಾಲಿ ಇರುವಾಗ ಕೇಳಿಕೊಂಡು ಹೋಗಿ, ತುದಿಗೆ ಹತ್ತಿರದ ಜಾಗವನ್ನೇ ಹುಡುಕಿ, ನೂರು ಕೋಶ ಎಣಿಸಿ ಯಾವುದು ಯಾವ ಹಂತ ಅಂತ ಬರೆದು ನೋಡಿ. ಎರಡು ಹಂತಗಳ ನಡುವೆ ಅನುಮಾನ ಬರುವ ಕೋಶಗಳನ್ನು ಬಿಟ್ಟುಬಿಡಬೇಡಿ, ಪರೀಕ್ಷೆಯಲ್ಲಿ ಪಾಯಿಂಟರ್ (ಗುರುತಿಸಬೇಕಾದ ಕೋಶ ತೋರಿಸುವ ಮುಳ್ಳು) ನಿಲ್ಲುವುದು ಹೆಚ್ಚಾಗಿ ಅಂಥದರ ಮೇಲೇ. ಹೆಸರಿನ ಜೊತೆ ಒಂದು ಕಾರಣವನ್ನೂ ಬರೆಯಿರಿ. ಆ ದಿನ ಮೈಕ್ರೋಸ್ಕೋಪ್ ಮಸುಕಾಗಿ ಕಂಡರೆ ಚಿಕ್ಕ ನಾಬ್ ಮಾತ್ರ ತಿರುಗಿಸಿ, ಸ್ಲೈಡ್ ಮುಟ್ಟಬೇಡಿ. ಅಪ್ಪಿತಪ್ಪಿ ಅಲುಗಿದರೆ ತಕ್ಷಣ ಹೇಳಿಬಿಡಿ, ಇಲ್ಲದಿದ್ದರೆ ನಿಮ್ಮ ಹಿಂದೆ ಬರುವವರೆಲ್ಲ ಬೇರೆ ಯಾವುದೋ ಕೋಶಕ್ಕೆ ಉತ್ತರ ಬರೆಯುತ್ತಾರೆ.