ಮಂಡಿನೋವಿಗೆ ಮನೆಯಲ್ಲೇ ಫಿಸಿಯೊಥೆರಪಿ: ವಿಡಿಯೊ ಕರೆಗೆ ಸಜ್ಜಾಗುವುದು ಹೇಗೆ?

ಶಿರಸಿಯಿಂದ ಬಹಳ ಒಳಗಿರುವ ಒಂದು ಹಳ್ಳಿ. ಅರವತ್ತು ದಾಟಿದ ಮಹಿಳೆಗೆ ಮಂಡಿ ಸವೆದಿದೆ. ಮೂಳೆ ವೈದ್ಯರು ಮಾತ್ರೆ ಬರೆದು ಫಿಸಿಯೊಥೆರಪಿ ಮಾಡಿಸಿಕೊಳ್ಳಲು ಹೇಳಿದ್ದಾರೆ. ಅದಕ್ಕಾಗಿ ವಾರಕ್ಕೆರಡು ಸಲ ಪೇಟೆಗೆ ಹೋಗಿಬರಬೇಕು. ನೋಯುವ ಮಂಡಿಗೆ ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದೇ ಕಷ್ಟ. ಇಂಥ ಎಷ್ಟೋ ಮಂದಿ ಎರಡು-ಮೂರು ಸಲ ಹೋಗಿ ಬಿಟ್ಟುಬಿಡುತ್ತಾರೆ. ವ್ಯಾಯಾಮ ನಿಂತ ಮೇಲೆ ತೊಡೆಯ ಸ್ನಾಯು ಸೊರಗುತ್ತದೆ, ಮಂಡಿಯ ಮೇಲಿನ ಭಾರ ಇನ್ನಷ್ಟು ಹೆಚ್ಚುತ್ತದೆ.

ವಿಡಿಯೊ ಕರೆಯಲ್ಲಿ ಫಿಸಿಯೊಥೆರಪಿ ಎಂದರೆ ‘ಅಷ್ಟು ದೂರದಿಂದ ಏನಾದೀತು’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಆಸ್ಟ್ರೇಲಿಯಾದ ಸಂಶೋಧಕರು ನೇರವಾಗಿಯೇ ಪರೀಕ್ಷಿಸಿದರು. ದೀರ್ಘಕಾಲದ ಮಂಡಿನೋವಿದ್ದ 394 ಜನರಲ್ಲಿ ಕೆಲವರು ಫಿಸಿಯೊಥೆರಪಿಸ್ಟರನ್ನು ಮುಖಾಮುಖಿ ಕಂಡರು, ಉಳಿದವರು ವಿಡಿಯೊದಲ್ಲಿ ಕಂಡರು. ಎರಡೂ ಗುಂಪಿಗೆ ಮೂರು ತಿಂಗಳಲ್ಲಿ ಐದು ಭೇಟಿ. ನೋವು ತಗ್ಗುವುದರಲ್ಲಾಗಲಿ ಓಡಾಟ ಸುಧಾರಿಸುವುದರಲ್ಲಾಗಲಿ ವಿಡಿಯೊ ಗುಂಪು ಹಿಂದೆ ಬೀಳಲಿಲ್ಲ. 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು. ಮೂರು ತಿಂಗಳಿಗೆ ಐದೇ ಭೇಟಿ ಎಂಬುದನ್ನು ಗಮನಿಸಿ. ಉಳಿದ ದಿನಗಳ ವ್ಯಾಯಾಮವನ್ನು ರೋಗಿಯೇ ಮನೆಯಲ್ಲಿ ಮಾಡಬೇಕು. ಗುಣ ಕಾಣುವುದು ಆ ದಿನಗಳಿಂದ.

ಮೊದಲು ವೈದ್ಯರನ್ನು ಎದುರಾಎದುರು ಕಾಣಿ

ನೋವು ಯಾವುದರಿಂದ ಬಂದಿದೆ ಎಂಬುದು ಒಮ್ಮೆ ಕೈಮುಟ್ಟಿ ಮಾಡಿದ ಪರೀಕ್ಷೆಯಲ್ಲೇ ಖಚಿತವಾಗಲಿ. ಬೆಳಿಗ್ಗೆ ಎದ್ದಾಗಿನ ಬಿಗಿತ ಸುಮಾರು ಅರ್ಧ ಗಂಟೆಯೊಳಗೆ ಬಿಟ್ಟರೆ ಸಾಮಾನ್ಯವಾಗಿ ಅದು ಸವೆತ. ಅದಕ್ಕಿಂತ ಹೆಚ್ಚು ಹೊತ್ತು ಉಳಿದು, ಬೆರಳಿನ ಗಿಣ್ಣುಗಳೂ ಊದಿಕೊಳ್ಳುತ್ತಿದ್ದರೆ ಸಂಧಿವಾತದ ತಜ್ಞರನ್ನು ಕಾಣಬೇಕು. ಅದಕ್ಕೆ ಬೇರೆಯೇ ಔಷಧಿ ಇದೆ.

ಕೆಲವು ಲಕ್ಷಣಗಳಿದ್ದಾಗ ವಿಡಿಯೊ ಕರೆಯನ್ನು ನೆಚ್ಚಿಕೊಳ್ಳದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಜ್ವರದ ಜೊತೆಗೆ ಒಂದು ಕೀಲು ಬಿಸಿಯಾಗಿ ಕೆಂಪಾಗಿ ಊದಿಕೊಳ್ಳುವುದು, ಬಿದ್ದ ಮೇಲೆ ಕಾಲೂರಲು ಆಗದಿರುವುದು, ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುವುದು, ಬೆನ್ನುನೋವಿನ ಜೊತೆ ಮಲಮೂತ್ರದ ಹಿಡಿತ ತಪ್ಪುವುದು ಅಥವಾ ತೊಡೆಸಂದು ಜೋಮು ಹಿಡಿಯುವುದು. ಇಂಥ ಹೊತ್ತಿನಲ್ಲಿ ‘ನಾಳೆ ನೋಡೋಣ’ ಎನ್ನಬೇಡಿ.

ಫಿಸಿಯೊಥೆರಪಿಸ್ಟರನ್ನು ಆರಿಸಿಕೊಳ್ಳುವಾಗ ಅವರು ಬಿ.ಪಿ.ಟಿ. ಅಥವಾ ಎಂ.ಪಿ.ಟಿ. (ಫಿಸಿಯೊಥೆರಪಿಯ ಪದವಿ, ಸ್ನಾತಕೋತ್ತರ ಪದವಿ) ಓದಿದವರೇ ಎಂದು ಕೇಳಲು ಸಂಕೋಚ ಬೇಡ. ಮೊದಲು ವೈದ್ಯರ ಸಲಹೆ ಬೇಕಿದ್ದರೆ ಸರ್ಕಾರದ ಇ-ಸಂಜೀವನಿ ದೂರವೈದ್ಯ ಸೇವೆ ಉಚಿತವಾಗಿ ಸಿಗುತ್ತದೆ. ಆದರೆ ವ್ಯಾಯಾಮ ಕಲಿಸಿ, ವಾರವಾರ ತಿದ್ದಲು ಫಿಸಿಯೊಥೆರಪಿಸ್ಟರೇ ಬೇಕು. ಮೊಬೈಲಿನಲ್ಲಿ ಯಾರದೋ ವ್ಯಾಯಾಮದ ವಿಡಿಯೊ ನೋಡಿ ಅನುಕರಿಸುವುದು ಇದಕ್ಕೆ ಬದಲಿಯಲ್ಲ. ನಿಮ್ಮ ಮಂಡಿ ಒಳಕ್ಕೆ ವಾಲುತ್ತಿರುವುದು ಆ ವಿಡಿಯೊದಲ್ಲಿರುವವರಿಗೆ ಕಾಣುವುದಿಲ್ಲ.

ಕೋಣೆಯನ್ನು ಸಿದ್ಧಪಡಿಸಿ

ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ. ಮೊಬೈಲನ್ನು ಕೈಯಲ್ಲಿ ಹಿಡಿದು ಮುಖ ತೋರಿಸುತ್ತಾ ಕುಳಿತರೆ ಕರೆಯ ಅರ್ಧ ಸಮಯ ವ್ಯರ್ಥ. ನೋಡಬೇಕಾದದ್ದು ಕಾಲನ್ನು! ಸೊಂಟದ ಎತ್ತರದ ಮೇಜಿನ ಮೇಲೆ ಎರಡು ಡಬ್ಬಗಳ ನಡುವೆ ಮೊಬೈಲನ್ನು ಅಲುಗದಂತೆ ನಿಲ್ಲಿಸಿ. ನೀವು ಏಳೆಂಟು ಅಡಿ ದೂರದಲ್ಲಿದ್ದು, ತಲೆಯಿಂದ ಪಾದದವರೆಗೆ ಪರದೆಯಲ್ಲಿ ಕಾಣುವಂತಿರಲಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಬರೀ ಕಪ್ಪು ಆಕೃತಿ ಕಾಣುತ್ತದೆ. ಬೆಳಕು ಎದುರಿನಿಂದ ಬರಲಿ.

ಸೀರೆ, ಲುಂಗಿಗಳಲ್ಲಿ ಮಂಡಿ ಮರೆಯಾಗುತ್ತದೆ. ಮಂಡಿಯವರೆಗೆ ಮಡಚಬಹುದಾದ ಸಡಿಲ ಪೈಜಾಮ ಅಥವಾ ಚಡ್ಡಿ ಧರಿಸಿ. ಸಂಕೋಚವೆನಿಸಿದರೆ ಮಹಿಳಾ ಫಿಸಿಯೊಥೆರಪಿಸ್ಟರೇ ಬೇಕೆಂದು ಕೇಳಿ. ಕುರ್ಚಿ ಗಟ್ಟಿಯಾಗಿರಲಿ, ಅದರ ಬೆನ್ನು ಗೋಡೆಗೆ ತಾಗಿರಲಿ. ನಯವಾದ ರೆಡ್ ಆಕ್ಸೈಡ್ ನೆಲದ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ. ಕಾಲೊರೆಸುವ ಚಾಪೆಯನ್ನು ಪಕ್ಕಕ್ಕೆ ಸರಿಸಿ. ಎಕ್ಸ್‌ರೇ ಇದ್ದರೆ ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ತೆಗೆದು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯೊಂದಿಗೆ ಹಿಂದಿನ ದಿನವೇ ಕಳಿಸಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಪಾದದ ಜೋಮು ಇದ್ದರೆ ಅವರು ಕೇಳುವ ಮುಂಚೆಯೇ ಹೇಳಿ.

ಮನೆಯಲ್ಲಿ ಒಬ್ಬರು ಜೊತೆಗಿರಲಿ. ಬೀಳದಂತೆ ಪಕ್ಕದಲ್ಲಿ ನಿಲ್ಲುವುದು, ಮೊಬೈಲನ್ನು ತಿರುಗಿಸುವುದು ಅವರ ಕೆಲಸ. ನೋವು ಹೇಗಿದೆ ಎಂಬ ಪ್ರಶ್ನೆಗೆ ಮಗನೋ ಸೊಸೆಯೋ ಉತ್ತರಿಸಬಾರದು. ನೋಯುವವರೇ ಮಾತಾಡಲಿ. ನೆಟ್‌ವರ್ಕ್ ಕೈಕೊಟ್ಟರೆ ಮಾತನ್ನು ಫೋನಿನಲ್ಲಿ ಮುಂದುವರಿಸಿ, ವ್ಯಾಯಾಮದ ಪುಟ್ಟ ವಿಡಿಯೊ ತೆಗೆದು ಆಮೇಲೆ ಕಳಿಸಬಹುದು.

ಮೊದಲ ಕರೆ

ಏನಾಗಬೇಕು ಎಂದು ಮೊದಲೇ ಹೇಳಿ. ‘ನೋವು ಹೋಗಬೇಕು’ ಎನ್ನುವುದಕ್ಕಿಂತ ‘ತೋಟಕ್ಕೆ ಇಳಿದು ಹತ್ತಿ ಬರುವಂತಾಗಬೇಕು’ ಎಂದರೆ ಫಿಸಿಯೊಥೆರಪಿಸ್ಟರಿಗೆ ದಾರಿ ಸಿಗುತ್ತದೆ. ಬಳಿಕ ನಡಿಗೆ, ಮಂಡಿ ಮಡಚುವುದು, ನೀಟುವುದು ನೋಡುತ್ತಾರೆ. ಸಾಮಾನ್ಯವಾದ ಒಂದು ಪರೀಕ್ಷೆ ಹೀಗಿದೆ: ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯಲ್ಲಿ ಕೈಗಳನ್ನು ಎದೆಗೆ ಅಡ್ಡಕಟ್ಟಿ ಕೂರಬೇಕು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದುನಿಲ್ಲಲು ಆಗುತ್ತದೆಂದು ಎಣಿಸಬೇಕು. ಆ ಸಂಖ್ಯೆಯನ್ನು ದಿನಾಂಕದೊಂದಿಗೆ ಬರೆದಿಡಿ. ಮುಂದಿನ ತಿಂಗಳು ಸುಧಾರಣೆಯನ್ನು ಅಳೆಯುವುದು ಅದರಿಂದಲೇ.

ವ್ಯಾಯಾಮಗಳು ಸರಳವೇ. ಕುಳಿತು ಕಾಲು ಮುಂದಕ್ಕೆ ನೀಟಿ ಐದು ಸೆಕೆಂಡು ಹಿಡಿಯುವುದು, ಮಲಗಿ ನೇರ ಕಾಲೆತ್ತುವುದು, ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು. ಭಾರ ಹೆಚ್ಚಿಸಲು ಹೇಳಿದಾಗ ದುಬಾರಿ ಸಾಮಾನು ಬೇಡ, ಉಪ್ಪಿನ ಪ್ಯಾಕೆಟ್ ಹಾಕಿದ ಬಟ್ಟೆಚೀಲವನ್ನು ಕಣಕಾಲಿಗೆ ಕಟ್ಟಿಕೊಂಡರೆ ಸಾಕು. ಎಷ್ಟು ಸಲ, ಎಷ್ಟು ಭಾರ ಎಂಬುದನ್ನು ಅವರೇ ನಿರ್ಧರಿಸಲಿ.

ನೋವನ್ನು ಅಳೆಯುವುದು

‘ನೋವಾದರೆ ನಿಲ್ಲಿಸಿಬಿಡಿ’ ಎಂಬ ಹಳೆಯ ಮಾತು ಮಂಡಿ ಸವೆತದವರಿಗೆ ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಹೆಚ್ಚು ಮಾಡಿದೆ ಎಂದು ನನ್ನ ಅಭಿಪ್ರಾಯ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ಸಹಿಸಲಾಗದ ನೋವು ಎಂದುಕೊಳ್ಳಿ. ಈ ಅಳತೆಯಲ್ಲಿ ಐದರವರೆಗಿನ ನೋವನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳಬಹುದು, ಆದರೆ ಮರುದಿನ ಬೆಳಿಗ್ಗೆಗೆ ಅದು ಮಾಮೂಲಿ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನದ ವ್ಯಾಯಾಮ ಹೆಚ್ಚಾಯಿತೆಂದು ಅರ್ಥ. ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು ಸಾಕು: ಮಾಡಿದ್ದೆಷ್ಟು, ಆಗ ನೋವೆಷ್ಟು, ಮರುದಿನ ಬೆಳಿಗ್ಗೆ ಎಷ್ಟು. ಈ ಮೂರು ಸಂಖ್ಯೆ ಇದ್ದರೆ ಮುಂದಿನ ಕರೆಯಲ್ಲಿ ನಿಮ್ಮ ವ್ಯಾಯಾಮವನ್ನು ನಿಖರವಾಗಿ ಬದಲಿಸಬಹುದು.

ದೇಹದ ತೂಕ ಹೆಚ್ಚಿರುವವರು ಒಂದು ಲೆಕ್ಕವನ್ನು ನೆನಪಿಡಲಿ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ತಗ್ಗುತ್ತದೆ.

ಸ್ನಾಯು ಬಲಗೊಳ್ಳಲು ವಾರಗಳೇ ಬೇಕು. ಆರರಿಂದ ಹನ್ನೆರಡು ವಾರ ತಾಳಿ. ನಡುವೆ ಮದುವೆ ಮನೆಯಲ್ಲೋ ಹಬ್ಬದ ಅಡುಗೆಯಲ್ಲೋ ದಿನವಿಡೀ ನಿಂತು ಮಂಡಿ ಕೆರಳುವುದುಂಟು. ಆಗ ವ್ಯಾಯಾಮವನ್ನು ಪೂರ್ತಿ ಬಿಡಬೇಡಿ. ಒಂದೆರಡು ದಿನ ಭಾರ ತೆಗೆದು, ಎಣಿಕೆಯನ್ನು ಅರ್ಧಕ್ಕೆ ಇಳಿಸಿ. ಮೂರನೆಯ ದಿನವೂ ಊತ ಇಳಿಯದಿದ್ದರೆ ನಿಗದಿಯಾದ ದಿನಕ್ಕೆ ಕಾಯದೆ ಫಿಸಿಯೊಥೆರಪಿಸ್ಟರಿಗೆ ಫೋನ್ ಮಾಡಿ.